ಆಡಿ ಟಿಟಿ: ಬೆಳಗಿನ ಮೊದಲ ಸ್ಟಾರ್ಟಿಗೆ ಬರುತ್ತಿದ್ದ ಕಟಕಟ ಸದ್ದು, ಅದರ ರಿಪೇರಿ

ಗಾಡಿ ಆಡಿ ಟಿಟಿ ಕೂಪೆ, 2012ರ ಮಾಡೆಲ್. 2.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 211 ಪಿಎಸ್, ಎಸ್ ಟ್ರಾನಿಕ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಕ್ವಾಟ್ರೊ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಓಡಿದ್ದು 86,000 ಕಿ.ಮೀ. ನಾನು ಇದರ ಮೂರನೇ ಮಾಲೀಕ. ಪುಣೆಯ ಬಾಣೇರ್‌ನಲ್ಲಿ ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ನಿಲ್ಲುತ್ತದೆ.

ತೊಂದರೆ ಇಷ್ಟೇ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎರಡು ಸೆಕೆಂಡು ಕಟಕಟ ಸದ್ದು. ಸ್ಟೀಲ್ ಡಬ್ಬಿಯಲ್ಲಿ ಕಡಲೆ ಹಾಕಿ ಅಲುಗಿಸಿದ ಹಾಗೆ. ಆಮೇಲೆ ಏನೂ ಇಲ್ಲ. ಇಡೀ ದಿನ ಗಾಡಿ ಚೆನ್ನಾಗಿ ಓಡುತ್ತದೆ, ಪಿಕಪ್ ಸರಿಯಾಗಿದೆ, ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಎರಡೇ ಸೆಕೆಂಡು ಅಲ್ವಾ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಈ ಎಂಜಿನ್ನಿನಲ್ಲಿ ಹಾಗೆ ಬಿಡಬಾರದು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆದಿಡುತ್ತಿದ್ದೇನೆ.

ಹಂತ 1, ನವೆಂಬರ್ ಕೊನೆ: ಸದ್ದು ಯಾವಾಗ ಬರುತ್ತದೆ?

ಪಾನಾ ಹಿಡಿಯುವ ಮೊದಲು ಒಂದು ನೋಟ್‌ಬುಕ್ ಹಿಡಿದೆ. ಗಾಡಿ ಎಷ್ಟು ಹೊತ್ತು ನಿಂತಿತ್ತು, ಬೇಸ್‌ಮೆಂಟಿನಲ್ಲಿ ಎಷ್ಟು ಚಳಿ ಇತ್ತು, ಸದ್ದು ಎಷ್ಟು ಹೊತ್ತು ಬಂತು, ಇಷ್ಟನ್ನೇ ಬರೆಯುವುದು. ನನ್ನ ಹೆಂಡತಿ ಒಳಗೆ ಕೂತು ಸ್ಟಾರ್ಟ್ ಮಾಡುತ್ತಿದ್ದಳು, ನಾನು ಬಾನೆಟ್ ಎತ್ತಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ.

ಅರ್ಧ ಗಂಟೆ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಸದ್ದಿಲ್ಲ. ಆಫೀಸಿನಲ್ಲಿ ಮೂರ್ನಾಲ್ಕು ಗಂಟೆ ನಿಂತರೂ ಇಲ್ಲ. ರಾತ್ರಿ ನಿಂತರೆ ಖಂಡಿತ. ಚಳಿ ಜಾಸ್ತಿ ಇದ್ದ ಬೆಳಗ್ಗೆ ಸದ್ದು ಇನ್ನೊಂದು ಸೆಕೆಂಡು ಉದ್ದ. ಅಂದರೆ ಎಲ್ಲೋ ಎಣ್ಣೆ ಇಳಿದುಹೋಗಿ, ಮತ್ತೆ ಪ್ರೆಶರ್ ಏರುವವರೆಗೆ ಏನೋ ಸಡಿಲವಾಗಿ ಕುಣಿಯುತ್ತಿದೆ. ಪೈಸೆ ಖರ್ಚಿಲ್ಲದೆ ಸಿಕ್ಕ ಈ ಸುಳಿವು ಮುಂದಿನ ಎಲ್ಲ ಕೆಲಸಕ್ಕೂ ದಾರಿಯಾಯಿತು.

ಬೇರೆ ಸದ್ದುಗಳನ್ನೂ ಒಂದೊಂದಾಗಿ ಪಕ್ಕಕ್ಕಿಟ್ಟೆ. ಈ ಎಂಜಿನ್ನಿನಲ್ಲಿ ಹೈ ಪ್ರೆಶರ್ ಪೆಟ್ರೋಲ್ ಪಂಪ್ ಟಿಕ್‌ಟಿಕ್ ಅನ್ನುತ್ತಲೇ ಇರುತ್ತದೆ, ಅದು ಮಾಮೂಲು. ಆ ಪಂಪ್ ಇರುವುದು ಗೇರ್‌ಬಾಕ್ಸ್ ಕಡೆ. ನಮ್ಮ ಸದ್ದು ಬರುತ್ತಿದ್ದುದು ಬಲಗಡೆಯಿಂದ, ಅಂದರೆ ಡ್ರೈವರ್ ಕಡೆಯಿಂದ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಅಂತ ಐಡಲ್ ಸ್ವಲ್ಪ ಮೇಲಿರುತ್ತದೆ, ಎಂಜಿನ್ ಒರಟಾಗಿ ಕೇಳಿಸುತ್ತದೆ. ಅದೂ ಮಾಮೂಲು. ಎಕ್ಸಾಸ್ಟ್‌ನ ಹೀಟ್ ಶೀಲ್ಡ್ ಕೈಯಲ್ಲಿ ತಟ್ಟಿ ನೋಡಿದೆ, ಗಟ್ಟಿ ಇದೆ. ಸ್ಟಾರ್ಟರ್ ಮೋಟಾರ್ ಸದ್ದು ಎಂಜಿನ್ ಹತ್ತಿಕೊಂಡ ತಕ್ಷಣ ನಿಲ್ಲುತ್ತಿತ್ತು. ನಮ್ಮ ಕಟಕಟ ಶುರುವಾಗುತ್ತಿದ್ದುದೇ ಅದಾದ ಮೇಲೆ.

ಮೆಕ್ಯಾನಿಕ್ ಸ್ಟೆತಸ್ಕೋಪ್ ಕೊಂಡೆ. ಅದರ ಕಡ್ಡಿಯನ್ನು ಚೈನ್ ಕವರಿನ ಮೇಲಿಟ್ಟಾಗ ಸದ್ದು ಜೋರಾಗಿ ಸಿಕ್ಕಿತು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನಿಂದ ವಾಲ್ವು ತೆರೆಯುವ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವ ಟೈಮಿಂಗ್ ಚೈನ್ ಇರುವುದು ಈ ಕವರಿನ ಒಳಗೆ. ಆ ಕಡೆಯೇ ಬೆಲ್ಟ್ ತಿರುಗುತ್ತಿರುತ್ತದೆ. ತೋಳಿನ ಬಟ್ಟೆ, ಕೈ, ಕಡ್ಡಿ ಎಲ್ಲದರ ಮೇಲೂ ಗಮನ ಇರಲಿ.

ಹಂತ 2, ಡಿಸೆಂಬರ್ ಮೊದಲ ವಾರ: ಆಯಿಲ್, ಫಿಲ್ಟರ್. ಉಪಯೋಗವಾಗಲಿಲ್ಲ

ಕಡಿಮೆ ಖರ್ಚಿನದನ್ನು ಮೊದಲು ಮಾಡಬೇಕು ಅಲ್ವಾ. ಈ ಎಂಜಿನ್ನಿನಲ್ಲಿ ಆಯಿಲ್ ಫಿಲ್ಟರ್ ಮೇಲ್ಗಡೆಯಿಂದ ಕೂರುತ್ತದೆ, ಬಾಯಿ ಕೆಳಗೆ. ಒಳಗಿನ ರಬ್ಬರ್ ವಾಲ್ವ್ ಸರಿ ಇಲ್ಲದಿದ್ದರೆ ನಿಂತ ಗಾಡಿಯ ಎಣ್ಣೆ ಪೂರ್ತಿ ಸಂಪಿಗೆ, ಅಂದರೆ ಎಂಜಿನ್ ತಳದ ಎಣ್ಣೆ ತಟ್ಟೆಗೆ, ಇಳಿದುಹೋಗುತ್ತದೆ. ಹಿಂದಿನವರು ಹಾಕಿಸಿದ್ದ ಫಿಲ್ಟರನ್ನು ಬಿಚ್ಚಿ, ಕತ್ತರಿಸಿ ನೋಡಿದೆ. ರಬ್ಬರ್ ಗಡುಸಾಗಿತ್ತು, ಬೆರಳಲ್ಲಿ ಒತ್ತಿದರೆ ಬಾಗುತ್ತಿರಲಿಲ್ಲ. ಇದೇ ಇರಬೇಕು ಅಂತ ಸಂತೋಷವಾಯಿತು.

ಹೊಸ ಫಿಲ್ಟರ್, 5ಡಬ್ಲ್ಯು-40 ಆಯಿಲ್ 4.6 ಲೀಟರ್. ಡಬ್ಬದ ಮೇಲೆ ಫೋಕ್ಸ್‌ವ್ಯಾಗನ್‌ನ ಆಯಿಲ್ ಮಾನದಂಡ ವಿಡಬ್ಲ್ಯು 502 00 ಅಂತ ಬರೆದಿರುವುದನ್ನೇ ತಗೊಂಡೆ. ಒಟ್ಟು 5,200 ರೂಪಾಯಿ. ಕೆಲವು ದಿನ ಬೆಳಗ್ಗೆ ಸದ್ದೇ ಇರಲಿಲ್ಲ. ಆಮೇಲೆ ಚಳಿ ಏರಿತು, ಪುಣೆಯಲ್ಲಿ ಬೆಳಗ್ಗೆ 11 ಡಿಗ್ರಿ. ಸದ್ದು ವಾಪಸ್ ಬಂತು. ಈ ಸಲ ಇನ್ನೂ ಗಟ್ಟಿಯಾಗಿ.

ಇಲ್ಲೊಂದು ಮಾತು ಹೇಳಲೇಬೇಕು. ಈ ಹಂತದಲ್ಲಿ ಸಿಗುವ ಸಲಹೆ ಒಂದೇ: ದಪ್ಪ ಆಯಿಲ್ ಹಾಕಿ, 20ಡಬ್ಲ್ಯು-50 ಹಾಕಿದರೆ ಸದ್ದು ನಿಲ್ಲುತ್ತದೆ. ದಯವಿಟ್ಟು ಹಾಕಬೇಡಿ. ತಣ್ಣಗಿರುವಾಗ ದಪ್ಪ ಎಣ್ಣೆ ಮೇಲೇರುವುದು ಇನ್ನೂ ನಿಧಾನ. ಸದ್ದು ಕಡಿಮೆಯಾದರೂ ಸವೆತ ಒಳಗೆ ನಡೆಯುತ್ತಲೇ ಇರುತ್ತದೆ. ನಮಗೆ ಸಿಕ್ಕಿರುವ ಒಂದೇ ಎಚ್ಚರಿಕೆಯನ್ನು ನಾವೇ ಬಾಯಿ ಮುಚ್ಚಿಸಿದ ಹಾಗಾಗುತ್ತದೆ.

ಹಂತ 3: ಪ್ರೆಶರ್, ಸ್ಕ್ಯಾನರ್

ಭೋಸರಿಯಲ್ಲಿ ಒಂದು ಗ್ಯಾರೇಜಿದೆ. ನಡೆಸುವವರು ವಿಜಯಪುರದ ಕಡೆಯವರು. ಸ್ಕೋಡಾ ಲಾರಾ, ಸೂಪರ್ಬ್ 1.8 ಟಿಎಸ್‌ಐ ಗಾಡಿಗಳಲ್ಲಿ ಕೈ ಪಳಗಿದೆ. ಟಿಟಿಯ ಎಂಜಿನ್ನೂ ಫೋಕ್ಸ್‌ವ್ಯಾಗನ್ ಗುಂಪಿನ ಅದೇ ಇಎ888 ಕುಟುಂಬದ್ದು. ಸ್ಪೋರ್ಟ್ಸ್ ಕಾರ್ ಅಂತ ಬೇರೆ ಎಲ್ಲೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಈ ಎಂಜಿನ್ನಿನ ಚೈನ್ ಕೆಲಸ ಮಾಡಿ ಗೊತ್ತಿರುವವರು ಸಿಕ್ಕರೆ ಸಾಕು.

ರೆಕಾರ್ಡಿಂಗ್ ಕೇಳಿಸಿದೆ. ಅಣ್ಣ ಎರಡು ಸಲ ಕೇಳಿ, "ತಮ್ಮಾ, ಇದು ಆಯಿಲ್‌ಲಿಂದ ಹೋಗೂ ಆವಾಜ್ ಅಲ್ಲ. ಟೆನ್ಷನರ್ ನೋಡಬೇಕು" ಅಂದರು. ಆದರೆ ನೋಡದೆ ಬಿಚ್ಚಲು ಅವರೂ ಒಪ್ಪಲಿಲ್ಲ. (ಟೆನ್ಷನರ್ ಅಂದರೆ ಎಣ್ಣೆ ಪ್ರೆಶರ್‌ನಿಂದ ಚೈನನ್ನು ಬಿಗಿಯಾಗಿ ಹಿಡಿದಿಡುವ ಭಾಗ.)

ಆಯಿಲ್ ಪ್ರೆಶರ್ ಸ್ವಿಚ್ ತೆಗೆದು ಆ ಜಾಗಕ್ಕೆ ಗೇಜ್ ಹಾಕಿದೆವು. ಬಿಸಿ ಎಂಜಿನ್, ಐಡಲ್‌ನಲ್ಲಿ ಸುಮಾರು 1.5 ಬಾರ್. ರೇಸ್ ಮಾಡಿದರೆ ಏರುತ್ತದೆ, ಬಿಟ್ಟರೆ ನಿಧಾನ ಇಳಿಯುತ್ತದೆ. ಆಯಿಲ್ ಪಂಪ್ ಮೇಲಿನ ಅನುಮಾನ ಹೋಯಿತು.

ಆಮೇಲೆ ಗಾಡಿಯ ಕಂಪ್ಯೂಟರ್ ಓದುವ ವಿಸಿಡಿಎಸ್ ಸ್ಕ್ಯಾನರ್ ಹಚ್ಚಿ ಮೆಷರಿಂಗ್ ಗ್ರೂಪ್ 93 ತೆಗೆದೆವು. ಕ್ಯಾಮ್‌ಶಾಫ್ಟ್ ಇರಬೇಕಾದ ಜಾಗಕ್ಕಿಂತ ಎಷ್ಟು ಡಿಗ್ರಿ ಆಚೀಚೆ ಇದೆ ಅಂತ ಅದು ತೋರಿಸುತ್ತದೆ. ಚೈನ್ ಹೊಸದಿದ್ದಾಗ ಸೊನ್ನೆಯ ಆಸುಪಾಸು ಇರಬೇಕು. ನಮ್ಮದು ಮೈನಸ್ 4.3. ಚೈನ್ ಹಿಗ್ಗಿದೆ ಅನ್ನುವುದಕ್ಕೆ ಇದು ಗಟ್ಟಿ ಗುರುತು. ಗಮನಿಸಿ, ಇಷ್ಟಾದರೂ ಒಂದು ಫಾಲ್ಟ್ ಕೋಡ್ ಕೂಡ ಇರಲಿಲ್ಲ. ಲೈಟ್ ಬಂದ ಮೇಲೆ ನೋಡೋಣ ಅಂತ ಕಾಯುವುದು ಸರಿಯಲ್ಲ.

ಹಂತ 4: ಕಣ್ಣಾರೆ ನೋಡಿದ್ದು

ಕೆಳಗಿನ ಚೈನ್ ಕವರಿನಲ್ಲಿ ಒಂದು ಸಣ್ಣ ರಬ್ಬರ್ ಮುಚ್ಚಳ ಇದೆ. ಬಲಗಡೆಯ ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದರೆ ಕಾಣುತ್ತದೆ. ಆ ತೂತಿನಿಂದ ಟೆನ್ಷನರ್ ನೋಡಬಹುದು. ಇದಕ್ಕಾಗಿಯೇ ಬುಧವಾರ್ ಪೇಠ್‌ನ ತಪಕೀರ್ ಗಲ್ಲಿಯಲ್ಲಿ ಫೋನಿಗೆ ಜೋಡಿಸುವ ಪುಟ್ಟ ಕ್ಯಾಮೆರಾ ಕೊಂಡೆ. 1,450 ರೂಪಾಯಿ. ಈ ಇಡೀ ಕೆಲಸದಲ್ಲಿ ಅತಿ ಸಾರ್ಥಕವಾದ ಖರ್ಚು ಅದು.

ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ನನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದೆವು. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮಾತ್ರ. ಹಿಂದಕ್ಕೆ ಒಂದು ಇಂಚೂ ತಿರುಗಿಸಬಾರದು. ಹಳೆ ಟೆನ್ಷನರ್ ಹಿಡಿತ ಬಿಟ್ಟು ಚೈನ್ ಹಲ್ಲು ಹಾರುವ ಅಪಾಯ ಇರುವುದು ಅಲ್ಲೇ. ಟೆನ್ಷನರ್ ಪಿಸ್ಟನ್ ಪೂರ್ತಿ ಹೊರಬಂದಾಗ ಅದರ ಮೇಲೆ ಕಾಣುವ ಹಲ್ಲುಗಳನ್ನು ಎಣಿಸಬೇಕು. ಆರರವರೆಗೆ ಸರಿ. ನಮ್ಮದರಲ್ಲಿ ಏಳು ಕಂಡವು. ಅಷ್ಟೇ ಅಲ್ಲ, ಅದು ಹಳೆ ಬಗೆಯ ಟೆನ್ಷನರ್. ಇದರ ವಿನ್ಯಾಸ ಆಮೇಲೆ ಬದಲಾಗಿದೆ, ಈಗ ಬದಲಿಗೆ ಸಿಗುವುದು ಹೊಸ ಬಗೆಯದು.

ಅಲ್ಲಿಗೆ ತೀರ್ಮಾನ ಆಯಿತು. ಇನ್ನು ಒಂದು ಸಲವೂ ಸ್ಟಾರ್ಟ್ ಮಾಡುವುದಿಲ್ಲ. ಎಂಜಿನ್ ನಿಂತಾಗ ಎಣ್ಣೆ ಪ್ರೆಶರ್ ಇರುವುದಿಲ್ಲ, ಚೈನನ್ನು ಬಿಗಿಯಾಗಿ ಹಿಡಿದಿಡುವುದು ಟೆನ್ಷನರ್ ಒಳಗಿನ ಸಣ್ಣ ಕೊಕ್ಕೆಯೊಂದೇ. ಅದು ಕೈಕೊಟ್ಟರೆ ಸ್ಟಾರ್ಟ್ ಮಾಡುವ ಹೊತ್ತಿಗೆ ಚೈನ್ ಹಾರುತ್ತದೆ, ವಾಲ್ವುಗಳು ಎಂಜಿನ್ ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಆಮೇಲೆ ಖರ್ಚು ಲಕ್ಷಗಳಲ್ಲಿ. ನಾನು ಇದನ್ನೆಲ್ಲ ನೋಡಿದ್ದು ಮನೆಯ ಬೇಸ್‌ಮೆಂಟಿನಲ್ಲಿ, ಅಣ್ಣ ಒಂದು ಭಾನುವಾರ ಬಂದು ಕೂಡಿ ಮಾಡಿದ್ದು. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಬದಲು ಫ್ಲ್ಯಾಟ್‌ಬೆಡ್ ಕರೆಸಿದೆ. ಬಾಣೇರ್‌ನಿಂದ ಭೋಸರಿಗೆ 2,500 ರೂಪಾಯಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ವಿಂಚ್‌ನಿಂದ ಎಳೆದು ಹತ್ತಿಸಿದರು. ಕ್ವಾಟ್ರೊ ಗಾಡಿಯನ್ನು ಎರಡು ಚಕ್ರ ಎತ್ತಿ ಎಳೆಸಬೇಡಿ, ನಾಲ್ಕೂ ಚಕ್ರ ಮೇಲೇ ಇರಲಿ.

ಹಂತ 5: ಸಾಮಾನು

ಚೈನ್, ಟೆನ್ಷನರ್, ಚೈನ್ ಜಾರುವ ಪ್ಲಾಸ್ಟಿಕ್ ಗೈಡುಗಳು ಇರುವ ಕಿಟ್ 26,500. ಕೆಳಗಿನ ಕವರ್ ಸೀಲ್ ಸಮೇತ 5,800. ಆ ಕವರ್ ತೆಳು ಉಕ್ಕಿನದು, ಸೀಲಂಟಿನಿಂದ ಅಂಟಿರುತ್ತದೆ. ಕೀಳುವಾಗ ಬಾಗಿಯೇ ಬಾಗುತ್ತದೆ, ಹಾಗಾಗಿ ಹೊಸದೇ ಬೇಕು. ಕವರ್ ಬೋಲ್ಟುಗಳ ಸೆಟ್ 1,100, ಸೀಲಂಟ್ ಟ್ಯೂಬ್ 1,900.

ಸೂಪರ್ಬ್ 1.8ರ ಕಿಟ್ಟಿನ ಬಹುಪಾಲು ಸಾಮಾನು ಇದಕ್ಕೂ ಆಗುತ್ತದೆ. ಆದರೂ ಎಂಜಿನ್ ಕೋಡ್ ಕೊಟ್ಟು ಪಾರ್ಟ್ ನಂಬರ್ ತಾಳೆ ನೋಡದೆ ದುಡ್ಡು ಕೊಡಬೇಡಿ. ನಮ್ಮ ಕಿಟ್ಟಿನಲ್ಲಿ ಎಲ್ಲ ಇದೆ ಅಂತ ಅಂಗಡಿಯವರು ಹೇಳಿದ್ದರು, ಕ್ರ್ಯಾಂಕ್ ಬೋಲ್ಟ್ ಇರಲಿಲ್ಲ. ಅದು ಬಿಗಿದಾಗ ಹಿಗ್ಗುವ ಬೋಲ್ಟ್, ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವ ಹಾಗಿಲ್ಲ. ನಾನಾ ಪೇಠ್‌ನ ಸ್ಪೇರ್ ಅಂಗಡಿಗಳಲ್ಲಿ ಸಿಗಲಿಲ್ಲ. ತರಿಸಿಕೊಳ್ಳುವವರೆಗೆ ಗಾಡಿ ಬಿಚ್ಚಿದ ಸ್ಥಿತಿಯಲ್ಲೇ ನಿಂತಿತ್ತು. ಬೆಲೆ 800 ರೂಪಾಯಿ ಅಷ್ಟೇ, ಅದಿಲ್ಲದೆ ಇಡೀ ಕೆಲಸ ನಿಂತಿತು.

ಹಂತ 6, ಡಿಸೆಂಬರ್ ಮೂರನೇ ವಾರ: ಬಿಚ್ಚುವುದು

"ಅಣ್ಣಾ, ನಾನೂ ಜೊತೆಗೆ ಇರ್ಲಾ?" ಅಂತ ಕೇಳಿದೆ. "ಬಾರಪಾ, ಒಬ್ಬರ ಕೈಲೆ ಆಗೂ ಕೆಲಸ ಅಲ್ಲ ಇದು" ಅಂದರು. ರಜೆ ಹಾಕಿ ಹೋದೆ.

ಬ್ಯಾಟರಿ ಬಿಚ್ಚಿ, ಆಯಿಲ್ ಇಳಿಸಿ, ಬಲಗಡೆಯ ಟರ್ಬೊ ಪೈಪ್, ಬೆಲ್ಟ್ ತೆಗೆದೆವು. ಮೇಲಿನಿಂದ ಎಂಜಿನ್ ಸಪೋರ್ಟ್ ಬಾರ್ ಹಾಕಿ ಎಂಜಿನ್ ಭಾರ ಹಿಡಿಸಿದ ಮೇಲೆ ಬಲಗಡೆಯ ಮೌಂಟ್ ಬಿಚ್ಚಿದ್ದು. ಕೆಲಸ ಮಾಡಲು ಸಿಗುವ ಜಾಗ ಒಂದು ಗೇಣು. ಎಂಜಿನ್ನನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿಕೊಳ್ಳುತ್ತಾ ಕೈ ತೂರಿಸಬೇಕು.

ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ತೀರಾ ಮೇಲಕ್ಕೆ ತಂದು, ಪುಲ್ಲಿಯ ಗುರುತು ಕವರಿನ ಗುರುತಿಗೆ ಕೂಡಿಸಿ, ಮೇಲಿನ ಕವರ್ ತೆಗೆದೆವು. ಇನ್‌ಟೇಕ್ ಕ್ಯಾಮ್ ಮುಂದಿರುವ ಕಂಟ್ರೋಲ್ ವಾಲ್ವ್ ಎಡಮರೆ. ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಎಡಕ್ಕೆ ಜಗ್ಗಿ ಮುರಿದವರಿದ್ದಾರೆ ಅಂತ ಅಣ್ಣ ಹೇಳಿದರು. ಅದಕ್ಕೆ ಬೇರೆಯೇ ಟೂಲ್ ಇದೆ, ಗ್ಯಾರೇಜಿನಲ್ಲಿ ಇತ್ತು. ಅದರ ಹಿಂದಿನ ಬೇರಿಂಗ್ ಬ್ರ್ಯಾಕೆಟ್ ತೆಗೆದಾಗ ಒಳಗಿನ ಪುಟ್ಟ ಜಾಲರಿ ನೋಡಲು ಮರೆಯಬೇಡಿ. ಅದು ಒಡೆದರೆ ಚೂರುಗಳು ಕಂಟ್ರೋಲ್ ವಾಲ್ವಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ನಮ್ಮದು ಗಟ್ಟಿಯಾಗಿತ್ತು.

ಕ್ರ್ಯಾಂಕ್ ಬೋಲ್ಟ್ ಬಿಚ್ಚುವುದು ಎಲ್ಲಕ್ಕಿಂತ ಸೂಕ್ಷ್ಮ. ಪುಲ್ಲಿಯೂ ಅದರ ಹಿಂದಿನ ಚೈನ್ ಹಲ್ಲುಗಾಲಿಯೂ ಆ ಒಂದೇ ಬೋಲ್ಟಿನಿಂದ ಕೂಡಿ ನಿಂತಿರುತ್ತವೆ. ಪುಲ್ಲಿ ತೆಗೆದ ತಕ್ಷಣ ಹಲ್ಲುಗಾಲಿ ಸಡಿಲ. ಅದನ್ನು ಹಿಡಿದಿಡುವ ಬುಷ್ ಟೂಲ್ ಮೊದಲೇ ಕೈಯಲ್ಲಿರಬೇಕು. ಪುಲ್ಲಿ ಹೊರಗೆ, ಬುಷ್ ಒಳಗೆ, ಆಮೇಲೆ ಉಸಿರು.

ಕವರ್ ಬಂತು. ಟೆನ್ಷನರ್ ಕೈಗೆ ಸಿಕ್ಕಿತು. ಪಿಸ್ಟನ್ನನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಲೀಸಾಗಿ ಒಳಗೆ ಹೋಯಿತು. ಹೋಗಬಾರದು. ಹೊಸದನ್ನು ಎಷ್ಟು ಒತ್ತಿದರೂ ಕೊಕ್ಕೆ ಹಿಡಿದುಕೊಳ್ಳುತ್ತದೆ. ಹಳೆಯದರ ಕೊಕ್ಕೆಯ ಅಂಚು ದುಂಡಗಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದೆ. ಮೈನಸ್ 4.3, ಏಳು ಹಲ್ಲು, ಬೆಳಗಿನ ಎರಡು ಸೆಕೆಂಡು, ಎಲ್ಲಕ್ಕೂ ಒಂದೇ ಉತ್ತರ ಅಂಗೈಯಲ್ಲಿತ್ತು.

ಹಳೆ ಚೈನ್, ಹೊಸ ಚೈನ್ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದೆವು. ಹಳೆಯದು ಸುಮಾರು 3 ಮಿ.ಮೀ. ಕೆಳಗೆ ಜೋತಿತ್ತು. ಗೈಡಿನ ಪ್ಲಾಸ್ಟಿಕ್ ಮೇಲೆ ಎರಡು ಗೆರೆ ಆಳವಾಗಿ ಬಿದ್ದಿದ್ದವು. ಆ ಪ್ಲಾಸ್ಟಿಕ್ ಎಲ್ಲಿಗೆ ಹೋಯಿತು ಅಂತ ಕೆಳಗಿನ ಸಂಪನ್ನೂ ಇಳಿಸಿದೆವು. ಆಯಿಲ್ ಎಳೆಯುವ ಜಾಲರಿಯಲ್ಲಿ ಕಂದು ಬಣ್ಣದ ಚೂರುಗಳು ಸಿಕ್ಕವು, ಚಿಮಟದಲ್ಲಿ ಒಂದೊಂದಾಗಿ ಎತ್ತಿ ತೆಗೆದೆವು. ಚೈನ್ ಬದಲಿಸಿ ಸಂಪ್ ಬಿಚ್ಚದೆ ಬಿಟ್ಟರೆ ಕೆಲಸ ಅರ್ಧ ಆದ ಹಾಗೆ ಅಂತ ನನ್ನ ಅಭಿಪ್ರಾಯ.

ಹಂತ 7: ಜೋಡಿಸುವುದು

ಹೊಸ ಚೈನಿನಲ್ಲಿ ಬಣ್ಣದ ಕೊಂಡಿಗಳಿವೆ. ಎರಡು ಕ್ಯಾಮ್, ಒಂದು ಕ್ರ್ಯಾಂಕ್, ಮೂರೂ ಹಲ್ಲುಗಾಲಿಯ ಗುರುತಿಗೆ ಅವು ಕೂಡಬೇಕು. ಗೈಡ್ ಹಾಕಿ, ಚೈನ್ ಕೂಡಿಸಿ, ಟೆನ್ಷನರ್ ಬೋಲ್ಟುಗಳನ್ನು 9 ನ್ಯೂಟನ್ ಮೀಟರ್‌ಗೆ ಬಿಗಿದು, ಲಾಕ್ ಪಿನ್ ಎಳೆದೆವು. ಚಟ್ ಅಂತ ಪಿಸ್ಟನ್ ಹೊರಬಂದು ಚೈನ್ ಬಿಗಿಯಾಯಿತು. ಪಿನ್ ತೆಗೆದ ಮೇಲೆ ಗುರುತುಗಳನ್ನು ಮತ್ತೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಯಾಕೆಂದರೆ ಎಂಜಿನ್ ತಿರುಗಿಸಿದ ಮೇಲೆ ಬಣ್ಣದ ಕೊಂಡಿಗಳು ಗುರುತಿಗೆ ಕೂಡುವುದಿಲ್ಲ, ಎಷ್ಟೋ ಸುತ್ತಾದ ಮೇಲೆ ಮಾತ್ರ ಮತ್ತೆ ಕೂಡುತ್ತವೆ. ಅದನ್ನು ನೋಡಿ ಗಾಬರಿಯಾಗಿ ಮತ್ತೆ ಬಿಚ್ಚಬೇಡಿ. ಪುಲ್ಲಿಯ ಗುರುತನ್ನು ನಂಬಿ.

ಕಂಟ್ರೋಲ್ ವಾಲ್ವ್ 35 ನ್ಯೂಟನ್ ಮೀಟರ್, ಎಡಮರೆ ಅನ್ನುವುದು ನೆನಪಿರಲಿ. ಕ್ರ್ಯಾಂಕ್ ಬೋಲ್ಟ್ 150 ನ್ಯೂಟನ್ ಮೀಟರ್, ಅದರ ಮೇಲೆ ಇನ್ನೂ 90 ಡಿಗ್ರಿ. ಆ ಕೊನೆಯ ಕಾಲು ಸುತ್ತಿಗೆ ಉದ್ದ ಪೈಪ್ ಬೇಕಾಯಿತು, ಪುಲ್ಲಿ ಹಿಡಿಯಲು ಇನ್ನೊಬ್ಬರೂ ಬೇಕಾಯಿತು. ಆಮೇಲೆ ಕೈಯಲ್ಲೇ ಎರಡು ಪೂರ್ತಿ ಸುತ್ತು. ಎಲ್ಲೂ ತಡೆಯಲಿಲ್ಲ.

ಹಂತ 8: ಸೋರಿಕೆ, ಮತ್ತೆ ಬಿಚ್ಚಿದ್ದು

ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಸ್ವಲ್ಪ ಸ್ವಲ್ಪ ಹೊತ್ತು ಸ್ಟಾರ್ಟರ್ ತಿರುಗಿಸಿ ಎಣ್ಣೆ ಮೇಲೇರಿಸಿದೆವು. ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ಸದ್ದು ಬಂತು, ಹೊಸ ಟೆನ್ಷನರ್ ಎಣ್ಣೆ ತುಂಬಿಕೊಳ್ಳುವವರೆಗೆ. ಅದು ಇರುವಂಥದ್ದೇ. ಗ್ರೂಪ್ 93ರಲ್ಲಿ ಮೈನಸ್ 0.4. ಎಲ್ಲರಿಗೂ ಖುಷಿಯಾಯಿತು.

ಮರುದಿನ ಕವರಿನ ಕೆಳಗಿನ ಮೂಲೆಯಲ್ಲಿ ಎಣ್ಣೆಯ ಹನಿ. ಕವರ್ ಮತ್ತು ಸಂಪ್ ಕೂಡುವ ಜಾಗದಲ್ಲಿ. ಇದಕ್ಕೆ ಹೊರಗಿನಿಂದ ಸೀಲಂಟ್ ಬಳಿದು ಮುಚ್ಚುವುದು ಸುಲಭ, ಮಾಡುವವರೂ ಇದ್ದಾರೆ. ಅಣ್ಣ ಒಪ್ಪಲಿಲ್ಲ. "ಹೊರಗ ಹಚ್ಚಿದ್ದು ನಿಂದ್ರೂದಿಲ್ಲ, ತಗೀಲೇಬೇಕು" ಅಂದರು. ಅವರು ಹೇಳಿದ್ದು ಸರಿ.

ಅಂದರೆ ಮತ್ತೆ ಮೌಂಟ್, ಮತ್ತೆ ಪುಲ್ಲಿ, ಮತ್ತೊಂದು ಹೊಸ ಕ್ರ್ಯಾಂಕ್ ಬೋಲ್ಟ್, 700 ರೂಪಾಯಿಯ ಹೊಸ ಸೀಲ್. ಒಳಗೆ ನೋಡಿದರೆ ಎಂಜಿನ್ ಬ್ಲಾಕಿನ ಆ ಮೂಲೆಯಲ್ಲಿ ಹಳೆ ಸೀಲಂಟಿನ ತೆಳು ಪದರ ಉಳಿದಿತ್ತು. ಕಣ್ಣಿಗೆ ಸ್ವಚ್ಛ ಕಾಣುತ್ತಿತ್ತು, ಉಗುರಿಗೆ ಸಿಗುತ್ತಿತ್ತು. ಈ ಸಲ ಪ್ಲಾಸ್ಟಿಕ್ ಸ್ಕ್ರೇಪರ್, ಬ್ರೇಕ್ ಕ್ಲೀನರ್ ಹಿಡಿದು ಪೂರ್ತಿ ಸುತ್ತು ಉಗುರಿನಲ್ಲೇ ಮುಟ್ಟಿ ನೋಡಿದೆವು. ಸುಮಾರು 3 ಮಿ.ಮೀ. ದಪ್ಪದ ಒಂದೇ ಎಳೆ ಸೀಲಂಟ್. ಮೂಲೆಗಳಲ್ಲಿ ಎಳೆ ಕಡಿಯಬಾರದು. ಹಚ್ಚಿ ಐದು ನಿಮಿಷದೊಳಗೆ ಕವರ್ ಕೂರಿಸಿ, ಬೋಲ್ಟುಗಳನ್ನು ಕ್ರಮವಾಗಿ ಬಿಗಿದು, ರಾತ್ರಿಯಿಡೀ ಒಣಗಲು ಬಿಟ್ಟು, ಆಮೇಲೆ ಆಯಿಲ್ ತುಂಬಿದ್ದು. ಹೊಸ ಆಯಿಲ್, ಫಿಲ್ಟರ್ ಮತ್ತೆ 5,200. ಮೊದಲ ಸಲ ಜೋಡಿಸಿದಾಗ ತುಂಬಿದ್ದು ಹಂತ 2ರ ಆಯಿಲ್ಲನ್ನೇ ಸೋಸಿ, ಹಾಗಾಗಿ ಅಲ್ಲಿ ಖರ್ಚಾಗಿರಲಿಲ್ಲ.

ಖರ್ಚು

ಎರಡು ಸಲದ ಆಯಿಲ್, ಫಿಲ್ಟರ್ 10,400. ಕ್ಯಾಮೆರಾ 1,450. ಫ್ಲ್ಯಾಟ್‌ಬೆಡ್ 2,500. ಕಿಟ್ 26,500. ಕವರ್ 5,800, ಅದರ ಬೋಲ್ಟುಗಳು 1,100, ಹೆಚ್ಚುವರಿ ಸೀಲ್ 700. ಎರಡು ಕ್ರ್ಯಾಂಕ್ ಬೋಲ್ಟ್ 1,600. ಸೀಲಂಟ್ 1,900. ಮಜೂರಿ 16,000, ಎರಡನೇ ಸಲ ಬಿಚ್ಚಿದ್ದಕ್ಕೆ ಅಣ್ಣ ದುಡ್ಡು ತಗೊಳ್ಳಲಿಲ್ಲ. ಒಟ್ಟು 67,950 ರೂಪಾಯಿ. ಸ್ಟೆತಸ್ಕೋಪ್ ಇದರಲ್ಲಿ ಸೇರಿಲ್ಲ, ಅದು ಬೇರೆ ಗಾಡಿಗಳಿಗೂ ಬರುತ್ತದೆ.

ಜನವರಿ: ಈಗ ಹೇಗಿದೆ?

ಚಳಿ ಇನ್ನೂ ಇದೆ, ಬೆಳಗಿನ ಸ್ಟಾರ್ಟಿನಲ್ಲಿ ಕಟಕಟ ಇಲ್ಲ. ಪೆಟ್ರೋಲ್ ಪಂಪಿನ ಟಿಕ್‌ಟಿಕ್ ಮಾತ್ರ. ಸಂಕ್ರಾಂತಿಗೆ ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಗೆ ಹೋಗಿ ಬಂದೆವು. ಖಂಬಾಟ್ಕಿ ಘಾಟಿನಲ್ಲಿ ಚೆನ್ನಾಗಿ ಎಳೆಯಿತು. ವಾಪಸ್ ಬಂದು ಲೈನರ್ ತೆಗೆದು ನೋಡಿದೆ, ಕವರಿನ ಮೂಲೆ ಒಣಗಿದೆ. ಗ್ರೂಪ್ 93 ಅದೇ ಮೈನಸ್ 0.4.

ಒಂದು ಕೆಲಸ ಬಾಕಿ ಇದೆ. ಎಂಜಿನ್ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಚೈನ್ ಬೇರೆ, ಅದನ್ನು ಈ ಸಲ ಬದಲಿಸಲಿಲ್ಲ. ಅದರ ಗೈಡುಗಳು ಚೆನ್ನಾಗಿದ್ದವು, ಚೈನಿನಲ್ಲೂ ಸಡಿಲ ಇರಲಿಲ್ಲ. ನಿಮ್ಮ ಗಾಡಿ ಇನ್ನೂ ಜಾಸ್ತಿ ಓಡಿದ್ದರೆ ಕವರ್ ಬಿಚ್ಚಿದಾಗಲೇ ಅದನ್ನೂ ಬದಲಿಸಿಬಿಡಿ, ಮತ್ತೆ ಅಲ್ಲಿಗೆ ಕೈ ಹಾಕುವ ಮಜೂರಿ ಚೈನಿಗಿಂತ ಜಾಸ್ತಿ. ನಾನು ಇನ್ನು ಮುಂದೆ 7,500 ಕಿ.ಮೀ.ಗೆ ಆಯಿಲ್ ಬದಲಿಸುತ್ತೇನೆ, ಪ್ರತಿ ಸಲವೂ ಹಳೆ ಫಿಲ್ಟರ್ ಕತ್ತರಿಸಿ ನೋಡಿ, ಗ್ರೂಪ್ 93ರ ಅಂಕಿಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮುಂದಿನದು 93,500ಕ್ಕೆ.